‘ಹಿಟ್ಟ’ ಅಂದದ್ದು ‘ಸಿಟ್ಟ’ ಅಂತ ಕೇಳ್ಸಿತ್ತು

ನಾ ಕೌನ್ಸೆಲಿಂಗ್ ಮಾಡಾಕಿ. ಕಿವಿ ಮಂದ ಆಗಿದ್ದನ್ನ ಸಿಟ್ಟು ಅಂತ ತಿಳ್ಕೊಂಡು ನನ್ನ ಕಡೆ ಬಂದ ಮನಿ ಈ ವರ್ಷದಾಗ ಇದು ನಾಲ್ಕನೇದು, ಅದಕ್ಕ ಬರ್ಯಾಕತ್ತೇನಿ. ಹೆಸರು, ಓಣಿ, ಮನಿಮಂದಿ ಲೆಕ್ಕ ಎಲ್ಲಾ ಬದಲಿ ಮಾಡೇನಿ, ಅವರ ಒಪ್ಪಿಗಿನೂ ತಗೊಂಡೇನಿ.

ರಬಕವಿ-ಬನಹಟ್ಟಿ ಕಡಿಯವ್ರು, ವಯಸ್ಸು 50 ದಾಟೇತಿ, ಹುಡುಗರಿದ್ದಾಗಿಂದ ಪಾವರ್‌ಲೂಮ್ ಮ್ಯಾಲೆ ಕೆಲಸ. ಇಲ್ಲಿ ಕಾಕಾ ಅಂತೀನಿ. ಕರ್ಕೊಂಡ ಬಂದವ್ರು ಅವರ ಹೆಂಡ್ತಿ, ಅವರಿಗೆ ಕಾಕು ಅಂತೀನಿ. "ನಮ್ಮನಿಯವ್ರಿಗೆ ಸಿಟ್ಟ ಬಾಳ ಆಗೇತ್ರೀ ಮೇಡಮ್, ಸೊಸಿ ಮ್ಯಾಲೆ ಸಂಶೆ, ಯಾರ ಮದವಿಗೂ ಬರವಲ್ರು, ಕಟ್ಟಿ ಮ್ಯಾಲೆ ಗೆಳ್ಯಾರ ಕೂಡ ಕುಂಡ್ರೂದೂ ಬಿಟ್ಟಾರ" ಅಂದ್ರು. ಒಂದಿನ ಊಟದ ಹೊತ್ತಿನ್ಯಾಗ ಸೊಸಿ ಅಡಗಿಮನ್ಯಾಗಿಂದ ಏನೋ ಅಂದಾಳ, ಇವರು ತಾಟ ದಬ್ಬಿ ಎದ್ದ ಹೋಗ್ಯಾರ, ಮೂರ ದಿನ ಮನ್ಯಾಗ ಉಂಡಿಲ್ಲ.

ಮೊದಲ ಎರಡು ಸಲ ಬಂದಾಗ ಕಾಕಾ ನಾ ಏನ ಕೇಳಿದ್ರೂ "ಹೂಂರಿ", "ಆತ್ರಿ" ಅಷ್ಟ. ನಾ ನನ್ನ ನೋಟ್ಸ್‌ನ್ಯಾಗ ‘ಸಹಕಾರ ಕಡಿಮಿ, ಮಾತು ಮುಚ್ಚಿಡ್ತಾರ’ ಅಂತ ಬರದಿದ್ದೆ. ಆ ಸಾಲು ಈಗ ಓದಿದ್ರ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಮೂರನೇ ಸಲ ಮಾತಾಡ್ತಿರುವಾಗ ಕರೆಂಟ್ ಹೋತು. ನಮ್ಮ ರೂಮಿನ ಫ್ಯಾನ್ ಹಳೇದು, ತಿರಗುವಾಗ ಕಟಕಟ ಅಂತೈತಿ, ಅದು ನಿಂತ್ತು, ಬಾಜೂ ಅಂಗಡಿ ಜೆರಾಕ್ಸ್ ಮಷೀನೂ ನಿಂತ್ತು. ಕಾಕು ಸೆರಗಿಲೆ ಗಾಳಿ ಹಾಕ್ಕೋತ, ನನಗಷ್ಟ ಕೇಳೂವಂಗ "ಮೊಮ್ಮಗಳು ಅಜ್ಜನ ಹತ್ರ ಹೋಗೂದ ಬಿಟ್ಟಾಳ್ರೀ" ಅಂದ್ರು. ಕಾಕಾ ತಟ್ನ ತಲಿ ಎತ್ತಿ "ನಾನ ಬಿಡ್ಸೇನಿ" ಅಂದ್ರು.

ಮೂರ ಸಲದಾಗ ಅವರಾಗೇ ಆಡಿದ ಮೊದಲ ಮಾತು ಅದು. ನಾ ಕುರ್ಚಿ ಎಳಕೊಂಡು ಅವರ ಎದುರಿಗೆ ಕಿಟಕಿ ಬೆಳಕು ನನ್ನ ಮುಖದ ಮ್ಯಾಲೆ ಬೀಳೂವಂಗ ಕುಂತು, ಒದರದ, ಬರೇ ಸಾವಕಾಶ ಕೇಳಿದೆ, ಯಾಕ ಬಿಡಿಸಿದ್ರಿ ಕಾಕಾ?

"ಆಕೀದು ಸಣ್ಣ ದನಿ ಐತ್ರೀ. ದನಿ ಕೇಳ್ತೈತಿ, ಏನಂತಾಳ ತಿಳ್ಯಂಗಿಲ್ಲ. ಎರಡ ಸಲ ‘ಏನವಾ’ ಅಂದ್ರ ಮೂರನೇ ಸಲ ‘ಏನಿಲ್ಲ ಬಿಡಜ್ಜಾ’ ಅಂತಾಳ. ಸಿಟ್ಟಿಲೆ ಇದ್ದಂಗ ಇದ್ರ ಯಾರೂ ಹತ್ರ ಬರೂದಿಲ್ಲ, ಏನಂದಿ ಅಂತ ಕೇಳೂ ಪಾಳಿನ ಬರೂದಿಲ್ಲ. ಕೆಪ್ಪ ಅನಿಸ್ಕೊಳ್ಳೂದಕ್ಕಿಂತ ಸಿಟ್ಟಿನಾಂವ ಅನಿಸ್ಕೊಳ್ಳೂದ ಚಲೋ ಅಲ್ರೀ?"

ಕಾಕು ಬಾಯಿ ಮ್ಯಾಲೆ ಸೆರಗ ಇಟ್ಕೊಂಡ್ರು. ಹಂಗಾದ್ರ ಆವತ್ತು ಸೊಸಿ ಏನಂದಿದ್ಲು ಅಂತ ಇಬ್ರಿಗೂ ಕೇಳಿದೆ. ಕಾಕಾ "ಸಿಟ್ಟ ಬಾಳ ಆಗೇತಿ ಅಂದ್ಲ್ರೀ, ನನಗ" ಅಂದ್ರು. ಕಾಕು "ಯವ್ವಾ, ಹಿಟ್ಟ ಬಾಳ ಆಗೇತಿ ಅಂದಿದ್ಲು, ರೊಟ್ಟಿ ಹಿಟ್ಟ!" ಅಂದ್ರು.

ಈ ಒಂದಕ್ಷರದಾಗ ಎಲ್ಲಾ ಐತಿ. ನಮ್ಮ ಒಳಗಿವ್ಯಾಗ ಬಸವನಹುಳದ ಚಿಪ್ಪಿನಂಥ ಭಾಗದಾಗ ಸುಮಾರು 15,000 ಕೂದಲಕೋಶ (ದನಿ ಹಿಡಿಯೂ ಸಣ್ಣ ಜೀವಕೋಶ) ಅದಾವ, ಸಪ್ಪಳಕ್ಕ ಮೊದಲ ಹಾಳಾಗೂವು ತೆಳ್ಳನ, ಏರುದನಿ ಹಿಡಿಯೂವಂಥವು, ಒಮ್ಮೆ ಸತ್ರ ಮನಷ್ಯಾರಿಗೆ ಅವು ಮತ್ತ ಹುಟ್ಟೂದಿಲ್ಲ. ಆ, ಇ, ಉ ಇಂಥ ಸ್ವರ ಗಟ್ಟಿ ಇರ್ತಾವ, ಕೇಳ್ತಾವ. ಸ, ಹ, ತ, ಕ, ಪ ತಪ್ಪಿಹೋಗ್ತಾವ. ಅದಕ್ಕ ಇವರಿಗೆ ಮಾತು ಕೇಳ್ತೈತಿ ಆದ್ರ ತಿಳಿಯೂದಿಲ್ಲ, ಫ್ಯಾನ್ ಇದ್ರ, ನಾಕ ಮಂದಿ ಕೂಡಿದ್ರ ಅಷ್ಟೂ ಇಲ್ಲ. ಮನಿಮಂದಿ ಏನಂತಾರ, ‘ಬೇಕಾದ್ದು ಕೇಳ್ತೈತಿ, ಬ್ಯಾಡಾದ್ದು ಕೇಳೂದಿಲ್ಲ’. ಈ ಮಾತು ಯಾರೂ ಆಡಬ್ಯಾಡ್ರಿ, ಕೈಮುಗಿದ ಹೇಳ್ತೀನಿ.

ನಾ ಅಲ್ಲಿಗೇ ಸಿಟ್ಟಿನ ಕೌನ್ಸೆಲಿಂಗ್ ನಿಲ್ಲಿಸಿ, ಕಿವಿ ಟೆಸ್ಟ್ ಆಗೂತನಕ ಮುಂದಿನ ತಾರೀಖ ಕೊಡಂಗಿಲ್ಲ ಅಂದೆ. ಕಾಕಾನ ಮಗಗ ಇದು ಸೇರಲಿಲ್ಲ, "ತಲಿ ಸರಿ ಮಾಡ್ರಿ ಅಂತ ಕರ್ಕೊಂಡ ಬಂದ್ರ ಕಿವಿ ಡಾಕ್ಟರ ಕಡೆ ಕಳಸ್ತೀರಿ" ಅಂದ. ನಮ್ಮ ಜೋಡಿ ಕೆಲಸ ಮಾಡೂವವ್ರೂ ಎರಡೂ ಒಮ್ಮೆಲೆ ನಡಸಬಹುದಿತ್ತಲ್ಲ ಅಂದ್ರು. ನನ್ನ ಉತ್ತರ ಇಷ್ಟ, ನಮ್ಮ ಕೆಲಸ ಪೂರಾ ಮಾತಿನ್ಯಾಗ ಐತಿ, ಮಾತ ಮುಟ್ಟದವ್ರಿಗೆ ನಾ ಯಾವ ಬುದ್ಧಿ ಹೇಳ್ಲಿ? ಮ್ಯಾಲೆ, ನಡುವಯಸ್ಸಿನ ಕಿವಿ ತೊಂದ್ರಿ ಹಂಗ ಬಿಟ್ರ ಮುಂದ ಮರೆವಿನ ರೋಗದ ಅಪಾಯ ಜಾಸ್ತಿ ಅಂತ ಲ್ಯಾನ್ಸೆಟ್ ಆಯೋಗ (ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕಾದ ಮರೆವಿನ ರೋಗದ ತಜ್ಞರ ತಂಡ) 2020ರಾಗೂ 2024ರಾಗೂ ಹೇಳೇತಿ. ಇವತ್ತಿಗೂ ಹಂಗ ಮಾಡ್ತೀನಿ.

ಟೆಸ್ಟಿನ್ಯಾಗ ಎರಡೂ ಕಿವಿ ಏರುದನಿಗೆ ಇಳಿದಾವ ಅಂತ ಬಂತು, ಕಿವಿ ಮಷೀನ ಬರದ ಕೊಟ್ರು. ರೊಕ್ಕದ ಚಿಂತಿ ಇದ್ದವ್ರು ಜಿಲ್ಲಾ ಆಸ್ಪತ್ರಿ ಕಿವಿ-ಮೂಗು-ಗಂಟಲು ವಿಭಾಗದಾಗ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಎಡಿಐಪಿ ಯೋಜನಾ (ಅಂಗವಿಕಲರಿಗೆ ಇಂಥ ಸಾಧನ ಕೊಡೂ ಕೇಂದ್ರ ಸರ್ಕಾರದ ಯೋಜನಾ) ಬಗ್ಗೆ ವಿಚಾರಿಸ್ರಿ. ಮಷೀನ ಹಾಕಿದ ಮೊದಲ ವಾರ ಪೇಪರ್ ಸಪ್ಪಳ, ಪಾತ್ರಿ ಸಪ್ಪಳ ತಲಿಗೆ ಬಡದಂಗ ಆಗ್ತೈತಿ, ಮಿದುಳಿಗೆ ರೂಢಿ ತಪ್ಪಿರ್ತೈತಿ, ಆವಾಗ ಡಬ್ಬ್ಯಾಗ ಹಾಕಿ ಅಟ್ಟದ ಮ್ಯಾಲೆ ಇಡಬ್ಯಾಡ್ರಿ, ಕೊಟ್ಟವ್ರ ಕಡೆ ಮತ್ತ ಹೋಗಿ ಸೆಟ್ಟಿಂಗ್ ಮಾಡಿಸ್ಕೊಳ್ರಿ. ಮತ್ತ ಕಿವ್ಯಾಗ ಬಿಸಿ ಎಣ್ಣಿ, ಕಡ್ಡಿ, ಪಿನ್ನು ಏನೂ ಹಾಕಬ್ಯಾಡ್ರಿ, ಒಮ್ಮಿಂದೊಮ್ಮೆಲೆ ಒಂದ ಕಿವಿ ಕೇಳೂದ ಬಂದಾದ್ರ ನಾಳೆ ನೋಡೂಣು ಅನ್ನದ ಅವತ್ತ ಡಾಕ್ಟರ ಹತ್ರ ಹೋಗ್ರಿ.

ಮನಿಯವ್ರಿಗೆ ಹೇಳಿದ್ದು ಇನ್ನೂ ಜಾಸ್ತಿ. ಅಡಗಿಮನ್ಯಾಗಿಂದ ಒದರಬ್ಯಾಡ್ರಿ, ಎದುರಿಗೆ ಬಂದ ಮಾತಾಡ್ರಿ, ಟಿವಿ ಬಂದ್ ಮಾಡ್ರಿ, ತಿಳೀಲಿಲ್ಲಂದ್ರ ಅದ ಮಾತ ಬ್ಯಾರೆ ಶಬ್ದದಾಗ ಹೇಳ್ರಿ. ‘ಏನಿಲ್ಲ ಬಿಡ್ರಿ’ ಮಾತ್ರ ಆ ಮನ್ಯಾಗ ಬಂದ್. ಸೊಸಿ ಪಾಪ ಆವತ್ತ ಕುಂತಲ್ಲೇ ಅತ್ಲು, ಆಕೀಗೆ ಎರಡ ವರ್ಷದಿಂದ ಮಾವ ಯಾಕ ಮುಖ ತಿರಗಸ್ತಾರ ಅನ್ನೂದ ಗೊತ್ತಿರಲಿಲ್ಲ.

ಈಗ ನನ್ನ ಚಿಂತಿ ಮಗಂದು. ಅಂವಗ 28, ಅದ ಮಗ್ಗದ ಮ್ಯಾಲೆ ಅದಾನ. 85 ಡೆಸಿಬೆಲ್ ಸಪ್ಪಳದಾಗ 8 ತಾಸು ಅಂದ್ರ ಅದ ಕಡೀ ಗೆರಿ, ಮ್ಯಾಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧಾ ಆಗ್ತೈತಿ, 100 ಅಂದ್ರ 15 ನಿಮಿಷ ಅಷ್ಟ. ಕೈ ಚಾಚಿದಷ್ಟ ದೂರ ನಿಂತವ್ರಿಗೂ ಒದರಿ ಹೇಳಬೇಕಾದ್ರ ಆ ಗೆರಿ ದಾಟೇತಿ ಅಂತ ತಿಳ್ಕೊಳ್ರಿ. ಕಿವ್ಯಾಗ ಹತ್ತಿ ಅರಳಿ ಇಟ್ಕೊಂಡ್ರ ಸಾಲೂದಿಲ್ಲ, ಫೋಮ್ ಇಯರ್‌ಪ್ಲಗ್ ಬೇಕು, ಹಿಂಡಿ ಸಣ್ಣ ಮಾಡಿ, ಕಿವಿ ಮ್ಯಾಲಕ್ಕ ಎಳದು ಒಳಗ ಇಟ್ಟು, ಅದು ಉಬ್ಬೂತನಕ ಬೆರಳಿಲೆ ಒತ್ತಿ ಹಿಡೀಬೇಕು. ಅಂವಂದ್ರ "ನೂಲು ಹರದ್ರ ಸಪ್ಪಳದಾಗ ಗೊತ್ತಾಗಬೇಕ್ರೀ" ಅಂತಾನ. ಸಂಜಿ ಮನಿಗೆ ಬಂದಾಗ ಕಿವಿ ಗುಂಯ್ ಅಂತಾವೇನು ಅಂದೆ. ಸುಮ್ಮನಾದ, ಆಮ್ಯಾಲೆ "ಮುಂಜಾನಿಗೆ ಸರಿ ಆಗ್ತಾವ್ರೀ" ಅಂದ.

ಪಾಳಿ ಮುಗಿಸಿ ನೆಟ್ಟಗ ಬಂದ್ರ ಟೆಸ್ಟ್ ಸರಿ ಬರೂದಿಲ್ಲ, ಒಂದಿನ ಕಿವಿಗೆ ಆರಾಮ ಇರಬೇಕು. ಎರಡ ಸಲ ಫೋನ್ ಮಾಡೇನಿ. ಅಮಾಸಿಗೆ ಮಗ್ಗ ಬಂದ್ ಇರ್ತಾವ, ಮರದಿನ ಮುಂಜಾನಿ ಬರ್ತೀನಿ ಅಂದಾನ, ಕಾಕಾನೇ ಅಂವನ್ನ ಕರ್ಕೊಂಡ ಬರ್ತಾರಂತ.