ಹಳೇ ವಾಲ್ವ್ ರೇಡಿಯೋದ ಕೆಪಾಸಿಟರ್: ಎಲ್ಲವನ್ನೂ ಬದಲಿಸಬೇಕಾ?

ಸರ್, ತಾತನ ಕಾಲದ ವಾಲ್ವ್ ರೇಡಿಯೋ ಹಾಡ್ತಾ ಇದೆ, ಆದರೆ ಗುಂಯ್ ಅನ್ನುತ್ತೆ, ಕೆಪಾಸಿಟರ್ ಎಲ್ಲ ಬದಲಿಸಲಾ ಅಂತ ಕೇಳಿದ್ದೀರಿ. ಸುಮ್ನೆ ಎಲ್ಲವನ್ನೂ ಕೀಳಬೇಡಿ.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ. ಆಗಲೂ ಗುಂಯ್ ಅಂದರೆ ಹೆಚ್ಚಾಗಿ ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರುವ ದೊಡ್ಡ ಫಿಲ್ಟರ್ ಕೆಪಾಸಿಟರ್) ಒಣಗಿದೆ, ಬದಲಿಸಿ. ಸದ್ದು ನಿಂತರೆ ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್ ಮೇಲೂ ಅನುಮಾನ ಇರಲಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಶಾರ್ಟ್‌ವೇವ್‌ಗೆ ಇದೇ ದೊಡ್ಡ ಕಾಟ.

ಗುಂಯ್ ಇರಲಿ ಬಿಡಲಿ, ಔಟ್‌ಪುಟ್ ವಾಲ್ವ್‌ನ (ಸ್ಪೀಕರ್ ನಡೆಸುವ ಕೊನೆಯ ವಾಲ್ವ್) ಗ್ರಿಡ್‌ಗೆ, ಅಂದರೆ ಸಿಗ್ನಲ್ ಒಳಹೋಗುವ ಪಿನ್ನಿಗೆ, ಬರುವ ಪೇಪರ್ ಕೆಪಾಸಿಟರ್ ಒಂದನ್ನು ಮಾತ್ರ ಖಂಡಿತ ಬದಲಿಸಿ. ಅದು ಲೀಕ್ ಆದರೆ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಕೆಂಪಗೆ ಕಾಯುತ್ತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. 0.01 ಮೈಕ್ರೋಫ್ಯಾರಡ್ ಇದ್ದರೆ ಅಷ್ಟೇ ಮೈಕ್ರೋಫ್ಯಾರಡ್‌ನ, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಸಾಕು. ಮೈಕಾ, ಸೆರಾಮಿಕ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಐಎಫ್ ಕಾಯಿಲ್‌ನ (ಸ್ಟೇಷನ್ ಸಿಗ್ನಲ್ ಸೋಸುವ, ಟ್ಯೂನ್ ಮಾಡಿಟ್ಟ ಕಾಯಿಲ್) ಸ್ಕ್ರೂ ಮುಟ್ಟಲೇಬೇಡಿ!

ಒಂದು ಭಾನುವಾರ ನಾನು ಹದಿನಾಲ್ಕು ಕೆಪಾಸಿಟರ್ ಒಟ್ಟಿಗೇ ಬದಲಿಸಿದೆ. ಸಂಜೆ ಶಾರ್ಟ್‌ವೇವ್ ಬ್ಯಾಂಡೇ ಮೌನ. ತಪ್ಪು ಕಾಲಿಗೆ ಬೆಸುಗೆ ಹಾಕಿದ್ದು ಹುಡುಕೋಕೆ ಮೂರು ವಾರ ಹಿಡಿಯಿತು. ಒಂದೊಂದೇ ಬದಲಿಸಿ, ಪ್ರತಿ ಸಲ ಹಾಕಿ ಕೇಳಿ.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 250 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಡಿಸ್ಚಾರ್ಜ್ ಮಾಡಿ, ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ ಆದರೆ ಚಾಸಿಯಲ್ಲೇ (ಒಳಗಿನ ಲೋಹದ ಚೌಕಟ್ಟು) ಕರೆಂಟ್ ಇರಬಹುದು, ಅಂಥದ್ದನ್ನು ಗೊತ್ತಿರುವವರ ಹತ್ತಿರ ಕೊಡಿ. ಸಾಮಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಲ್ಲಿ ಸಿಗುತ್ತೆ, ಹಳೇ ಕೆಪಾಸಿಟರ್ ಜೇಬಲ್ಲಿ ಹಾಕಿಕೊಂಡು ಹೋಗಿ.