ಮೂತಿ ಬಿಡಿ, ದೋಣಿಯ ಹಿಂಬದಿ ನೋಡಿ

ಅಲೆಪ್ಪಿಗೆ ಹೋಗಿದ್ದೆವು. ದೋಣಿ ಹೋದಾಗಲೆಲ್ಲ ಅಲೆ ಬಡಿದು ಕಾಲುವೆ ದಡದ ಮಣ್ಣು ಕುಸಿಯುತ್ತಿತ್ತು. ಮೂತಿ ಚೂಪು ಮಾಡಿದರೆ ಅಲೆ ನಿಲ್ಲುವುದಿಲ್ಲವೇ? (ಹುಬ್ಬಳ್ಳಿ)

ರಜೆ ಮುಗಿದರೆ ಸಾಕು, ಇದೇ ಪ್ರಶ್ನೆ. ಎಲ್ಲರ ಕಣ್ಣೂ ಮೂತಿಯ ಮೇಲೆ! ಉಣಕಲ್ ಕೆರೆಯಲ್ಲಿ ದೋಣಿ ಬಿಟ್ಟ ದಿನ ಹೋಗಿ, ಅದರ ಹಿಂದೆ ನೋಡಿ. ಗರಗಸದಲ್ಲಿ ಕೊಯ್ದಂಥ ಚಪ್ಪಟೆ ಹಲಗೆ. ಇಬ್ಬರು ದಪ್ಪಗಿನವರು ಹಿಂದೆ ಕೂತರೆ ಆ ಹಲಗೆ ನೀರಿಗಿಳಿಯುತ್ತದೆ, ಅಲ್ಲಿ ನೀರು ಅನ್ನದ ಎಸರಿನ ಹಾಗೆ ಕುದಿಯುತ್ತದೆ. ಮೂತಿ ಸೀಳಿದ ನೀರು ಹಿಂದೆ ಮೆಲ್ಲಗೆ ಕೂಡಿಕೊಳ್ಳಬೇಕಲ್ವಾ? ಅದಕ್ಕೇ ಹಿಂಬದಿ ಸಣ್ಣಗಾಗುತ್ತ ಮೇಲೆದ್ದಿರಬೇಕು. ದೋಣಿ ಉದ್ದ, ಸಪೂರ, ಹಗುರ ಇರಬೇಕು.

ಉದ್ದ ಯಾಕೆ? ನೀರಲ್ಲಿ 4 ಮೀಟರ್ ಉದ್ದವಿರುವ ದೋಣಿ ಗಂಟೆಗೆ ಸುಮಾರು 9 ಕಿ.ಮೀ. ಮುಟ್ಟಿದರೆ ತಾನೆಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. 9 ಮೀಟರಿನದಕ್ಕೆ ಆ ಪಾಡು ಬರುವುದು 13.5ರ ಹತ್ತಿರ.

ಆದರೆ ಕಾಲುವೆ ಕೆರೆಯಲ್ಲ. ಇಕ್ಕಟ್ಟಿನಲ್ಲಿ ದೋಣಿ ತಳ್ಳಿದ ನೀರು ಪಕ್ಕದ ಸಂದಿಯಿಂದ ಹಿಂದಕ್ಕೆ ಓಡುತ್ತದೆ. ದಡದ ನೀರು ಮೊದಲು ತಗ್ಗುತ್ತದೆ, ಆಮೇಲೆ ನುಗ್ಗುತ್ತದೆ. ಮಣ್ಣು ಕಿತ್ತುಬರುವುದು ಆಗಲೇ. ಒಂದೂವರೆ ಮೀಟರ್ ಆಳದ ನೀರಲ್ಲಿ ಅಲೆ ಗಂಟೆಗೆ ಸುಮಾರು 14 ಕಿ.ಮೀ.ಗಿಂತ ಜೋರಾಗಿ ಓಡಲಾರದು. ದೋಣಿ ಆ ವೇಗಕ್ಕೆ ಬಂದರೆ ಮುಂದೆ ನೀರು ಗುಡ್ಡೆಯಾಗುತ್ತದೆ. 1834ರಲ್ಲಿ ಸ್ಕಾಟ್ಲೆಂಡಿನ ಕಾಲುವೆಯೊಂದರಲ್ಲಿ, ದಡದಿಂದ ಕುದುರೆ ಎಳೆಯುತ್ತಿದ್ದ ದೋಣಿ ಗಕ್ಕನೆ ನಿಂತಾಗ ಅಂಥ ಗುಡ್ಡೆ ಒಂದೇ ಸಮನೆ ಮುಂದೆ ಹೋಯಿತು. ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಹತ್ತಿ ಅದರ ಬೆನ್ನಟ್ಟಿದರು, ಮೈಲಿಗೂ ಹೆಚ್ಚು ದೂರ!

ಹಾಗಾಗಿ ಎಂಥ ಒಳ್ಳೆ ದೋಣಿಯಾದರೂ ನಿಧಾನ ಹೋಗಿ. ಅಲೆಯ ಎತ್ತರ ಅರ್ಧವಾದರೆ ಅದರ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಇಷ್ಟು ಹೇಳಿದರೆ ಯಾರಿಗೂ ರುಚಿಸುವುದಿಲ್ಲ, ಗೊತ್ತು.

ಬ್ಯಾಟರಿ ಮೋಟಾರಿಗೆ ಅಲೆಯೇ ಬರಲ್ವಂತೆ? (ಗದಗ)

ಹೊಗೆ ಬರುವುದಿಲ್ಲ. ಅಲೆ ಬರುತ್ತದೆ.

ದೊಡ್ಡ ಹಡಗಿನ ಮೂತಿಯ ಕೆಳಗೆ, ನೀರಿನೊಳಗೆ ಚಾಚಿರುವ ಉಬ್ಬು ಮೂಗು ನಮ್ಮ ದೋಣಿಗೂ ಹಾಕಿಸಲೇ? (ರಾಣೆಬೆನ್ನೂರು)

ಸುಮ್ನೆ ದುಡ್ಡು ದಂಡ.

ಅಲೆ ತಡೆಯುವ ಬಣ್ಣ ಮಾರುತ್ತಿದ್ದಾರೆ, ಕೊಳ್ಳಲೇ? (ಧಾರವಾಡ)

ನನ್ನ ಹತ್ತಿರವೂ ಒಬ್ಬರು ಡಬ್ಬ ತಂದಿದ್ದರು. ಮುಚ್ಚಳ ತೆಗೆದರೆ ಬಾಗಿಲಿಗೆ ಬಳಿಯುವ ಎನಾಮೆಲ್ ವಾಸನೆ. ನುಣುಪು ಬಣ್ಣದಿಂದ ನೀರಿನ ಉಜ್ಜಾಟ ಚೂರು ಕಡಿಮೆಯಾದೀತು. ಅಲೆ ಏಳುವುದು ದೋಣಿಯ ಆಕಾರ, ಭಾರ, ವೇಗದಿಂದ. ಬಾಗಿಲಿಗೆ ಬೇಕಿದ್ದರೆ ಕೊಳ್ಳಿ.

ಮಲಪ್ರಭಾ ಕಾಲುವೆಯಲ್ಲಿ ದೋಣಿ ಬಿಟ್ಟು ನೋಡಲೇ? (ನವಲಗುಂದ)

ಬೇಡ. ಅದು ಹೊಲಕ್ಕೆ ನೀರು ಹರಿಸುವ ಕಾಲುವೆ. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕಾಲು ಜಾರಿದರೆ, ಈಜು ಬರುವವರಿಗೂ ಹತ್ತಿ ಬರುವುದು ಕಷ್ಟ.