‘ನಿಷೇಧವೊಂದೇ ದಾರಿ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಬಂದೂಕು ನಿಷೇಧಿಸಿದರೆ ಅಮೆರಿಕದ ಸಾವುಗಳು ನಿಲ್ಲುತ್ತವೆ ಎಂದು ವಾದಿಸುವ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿಮಗೆ ಬರೆಯಲು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಾಗಾಗಿಯೇ ‘ಸ್ಥಳಾಭಾವದಿಂದ ಬಳಸಿಕೊಳ್ಳಲಾಗುತ್ತಿಲ್ಲ’ ಎಂಬ ಸಿದ್ಧ ಸಾಲು ಕಳಿಸಿ ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ಆಕ್ರೋಶ. ‘ರಕ್ತದೋಕುಳಿ’, ‘ಮನುಕುಲವೇ ತಲೆತಗ್ಗಿಸುವಂಥ’, ‘ಇನ್ನೆಷ್ಟು ಬಲಿ ಬೇಕು?’ ಎಲ್ಲವನ್ನೂ ಹೊಡೆದುಹಾಕಿ. ವಿಷಯ ನಿಜಕ್ಕೂ ಶುರುವಾಗುವುದು ಎರಡನೇ ಪುಟದ ಈ ಸಾಲಿನಿಂದ: ‘1996ರಲ್ಲಿ ಆಸ್ಟ್ರೇಲಿಯಾ ಬಂದೂಕನ್ನು ನಿಷೇಧಿಸಿತು, ಅಲ್ಲಿಂದೀಚೆಗೆ ಆ ದೇಶದಲ್ಲಿ ಒಂದೂ ಸಾಮೂಹಿಕ ಗುಂಡಿನ ದಾಳಿ ನಡೆದಿಲ್ಲ.’ ಓದಲು ಗಟ್ಟಿಯಾಗಿದೆ. ಆದರೆ ಸಾಲಿನ ಮೊದಲರ್ಧವೂ ತಪ್ಪು, ಕೊನೆಯರ್ಧವೂ ತಪ್ಪು.

ಆಸ್ಟ್ರೇಲಿಯಾ ಬಂದೂಕನ್ನೇ ನಿಷೇಧಿಸಲಿಲ್ಲ. ಆ ವರ್ಷ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಪ್ರಧಾನಿಯಾಗಿ ಎರಡು ತಿಂಗಳೂ ಆಗದಿದ್ದ ಜಾನ್ ಹೋವರ್ಡ್ ಎರಡು ವಾರದೊಳಗೆ ಎಲ್ಲ ರಾಜ್ಯಗಳನ್ನೂ ಒಂದು ಒಪ್ಪಂದಕ್ಕೆ ತಂದರು. ಜನಸಾಮಾನ್ಯರ ಕೈಯಿಂದ ಹೋದದ್ದು ಮುಖ್ಯವಾಗಿ ಅರೆಸ್ವಯಂಚಾಲಿತ (ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್‌ಗಳು, ಅರೆಸ್ವಯಂಚಾಲಿತ ಮತ್ತು ಪಂಪ್ ಮಾದರಿಯ ಷಾಟ್‌ಗನ್‌ಗಳು. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ರೈಫಲ್ ಅಲ್ಲಿನ ರೈತರ ಬಳಿ ಇಂದೂ ಇದೆ. ಜೊತೆಗೆ ಸರ್ಕಾರ ಆರೋಗ್ಯ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಏರಿಸಿ, ಆ ದುಡ್ಡು ಕೊಟ್ಟು ಸುಮಾರು 6,50,000 ಬಂದೂಕುಗಳನ್ನು ಜನರಿಂದ ವಾಪಸು ಪಡೆದು ನಾಶಮಾಡಿತು. ಪ್ರತಿಯೊಂದು ಬಂದೂಕಿನ ನೋಂದಣಿ ಕಡ್ಡಾಯವಾಯಿತು. ಕೊಳ್ಳುವ ಮುಂಚೆ 28 ದಿನ ಕಾಯಬೇಕಾಯಿತು. ‘ಆತ್ಮರಕ್ಷಣೆಗೆ ಬೇಕು’ ಎಂದರೆ ಅದು ಕಾರಣವೇ ಅಲ್ಲ ಎಂದಾಯಿತು. ಇಷ್ಟನ್ನೂ ‘ನಿಷೇಧ’ ಎಂದು ಒಂದೇ ಮೂಟೆ ಕಟ್ಟಿದ್ದೀರಿ. ಇದರಲ್ಲಿ ಕೆಲಸ ಮಾಡಿದ್ದು ಯಾವುದು? ಹಾಗೆ ಕೇಳಲು ಓದುಗನಿಗೆ ನೀವು ಜಾಗವೇ ಬಿಟ್ಟಿಲ್ಲ.

ಇನ್ನು ‘ಒಂದೂ ನಡೆದಿಲ್ಲ’ ಎಂಬುದು. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಸ್ಮಿಂಗ್ಟನ್‌ನಲ್ಲಿ ಒಂದೇ ಕುಟುಂಬದ ಏಳು ಮಂದಿ ಸತ್ತರು. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡಿ ಕಡಲತೀರದಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ಮೇಲೆ ದಾಳಿಯಾಗಿ 15 ಜನ ಬಲಿಯಾದರು. ದಾಳಿಕೋರರಲ್ಲಿ ಒಬ್ಬ ಪರವಾನಗಿ ಇದ್ದವನೇ. ನೀವು ಯಾವುದೋ ಹಳೆಯ ಲೇಖನದ ಸಾಲನ್ನು ದಿನಾಂಕ ನೋಡದೆ ಎತ್ತಿದ್ದೀರಿ. ಬದಲಿಗೆ ಹೀಗೆ ಬರೆಯಬಹುದಿತ್ತು: ‘1996ರ ಕಾನೂನಿಗೆ ಮುಂಚಿನ 18 ವರ್ಷಗಳಲ್ಲಿ ಐದು ಅಥವಾ ಹೆಚ್ಚು ಜನರನ್ನು ಕೊಂದ 13 ದಾಳಿಗಳು ನಡೆದಿದ್ದವು, ಆಮೇಲಿನ 20 ವರ್ಷಗಳಲ್ಲಿ ಒಂದೂ ನಡೆಯಲಿಲ್ಲ.’ ಇದು 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕ ಸೈಮನ್ ಚಾಪ್ಮನ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ. ಅದೇ ಅಧ್ಯಯನದಲ್ಲಿ ನಿಮಗೆ ಹಿಡಿಸದ ಮಾತೂ ಇದೆ: ಬಂದೂಕಿನ ಸಾವು ಮೊದಲಿಗಿಂತ ಬೇಗ ಇಳಿಯಿತು ನಿಜ, ಆದರೆ ಬಂದೂಕಿಲ್ಲದ ಕೊಲೆ, ಆತ್ಮಹತ್ಯೆಗಳು ಅದಕ್ಕಿಂತಲೂ ಬೇಗ ಇಳಿದವು, ಆದ್ದರಿಂದ ಇಳಿಕೆಯ ಶ್ರೇಯಸ್ಸನ್ನು ಕಾನೂನಿಗೇ ಕೊಡಲು ಬರುವುದಿಲ್ಲ. ಇದನ್ನು ಮುಚ್ಚಿಟ್ಟರೆ ನಿಮ್ಮನ್ನು ಒಪ್ಪದ ಓದುಗ ಮೊದಲು ಹಿಡಿಯುವುದೇ ಇದನ್ನು.

ಸೈನಿಕ ಮಾದರಿಯ ಅರೆಸ್ವಯಂಚಾಲಿತ ಬಂದೂಕುಗಳ ಮೇಲೆ ಅಮೆರಿಕ 1994ರಲ್ಲಿ ಹೇರಿದ ನಿಷೇಧಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು, ಅದೂ ‘ಬಂದೂಕು ಲಾಬಿ ಕೊಂದುಹಾಕಿತು’ ಎಂದು. ಲೇಖನದ ಹೊಟ್ಟೆ ಇರಬೇಕಾದದ್ದೇ ಅಲ್ಲಿ. ಆ ಕಾನೂನು ಕೆಲವು ಬಂದೂಕುಗಳನ್ನು ಹೆಸರು ಹಿಡಿದು ನಿಷೇಧಿಸಿತು, ಮಿಕ್ಕವನ್ನು ಲಕ್ಷಣ ನೋಡಿ. ಮ್ಯಾಗಜಿನ್ (ಗುಂಡು ತುಂಬಿಡುವ ಪೆಟ್ಟಿಗೆ) ಕಳಚಬಹುದಾದ ಅರೆಸ್ವಯಂಚಾಲಿತ ರೈಫಲ್‌ಗೆ ಮಡಚುವ ಹಿಂಭಾಗ, ಪಿಸ್ತೂಲಿನಂಥ ಹಿಡಿಕೆ, ಬಯೊನೆಟ್ ಸಿಕ್ಕಿಸುವ ಕೊಂಡಿ, ಬೆಂಕಿಯ ಹೊಳಪು ತಗ್ಗಿಸುವ ತುದಿ, ಇಂಥವುಗಳಲ್ಲಿ ಎರಡಿದ್ದರೆ ನಿಷಿದ್ಧ, ಒಂದೇ ಇದ್ದರೆ ಅಡ್ಡಿಯಿಲ್ಲ! ಕಂಪನಿಗಳು ಕೊಂಡಿ, ತುದಿ ತೆಗೆದುಹಾಕಿ ಹೆಚ್ಚುಕಮ್ಮಿ ಅದೇ ರೈಫಲ್ಲನ್ನು ಹೊಸ ಹೆಸರಲ್ಲಿ ಮಾರಿದವು. ಹೊಡೆಯುವ ಗುಂಡು, ಹೊಡೆಯುವ ವೇಗ ಎರಡೂ ಬದಲಾಗಲಿಲ್ಲ. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ಗಳ ನಿಷೇಧ ಇದಕ್ಕಿಂತ ಅರ್ಥವುಳ್ಳದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಅಷ್ಟರಲ್ಲಾಗಲೇ ತಯಾರಾಗಿದ್ದ ಬಂದೂಕು, ಮ್ಯಾಗಜಿನ್‌ಗಳನ್ನು ಇಟ್ಟುಕೊಳ್ಳಲು, ಮಾರಲು ಕಾನೂನೇ ಬಿಟ್ಟಿತ್ತು. ಆಸ್ಟ್ರೇಲಿಯಾದಂತೆ ವಾಪಸು ಪಡೆಯುವ ಮಾತೇ ಇರಲಿಲ್ಲ. 1999ರ ಕೊಲಂಬೈನ್ ಶಾಲೆಯ ಹತ್ಯೆಗಳು ಈ ನಿಷೇಧ ಜಾರಿಯಲ್ಲಿದ್ದಾಗಲೇ ಆದವು. 2004ರಲ್ಲಿ ಹತ್ತು ವರ್ಷದ ಅವಧಿ ಮುಗಿದು ಕಾನೂನು ತಾನಾಗಿ ಬಿದ್ದುಹೋಯಿತು. ಅದರ ಪರಿಣಾಮವನ್ನು ಅಳೆದ ಅಪರಾಧ ಸಂಶೋಧಕ ಕ್ರಿಸ್ಟೋಫರ್ ಕೋಪರ್ ಅವರ ಲೆಕ್ಕದಂತೆ, ನಿಷೇಧಕ್ಕೆ ಮುಂಚೆಯೂ ಅಂಥ ಬಂದೂಕು ಬಳಕೆಯಾಗುತ್ತಿದ್ದದ್ದು ಬಂದೂಕಿನ ಅಪರಾಧಗಳಲ್ಲಿ ಶೇ 2ರಿಂದ 8ರಷ್ಟರಲ್ಲಿ.

ಇಲ್ಲಿಗೆ ನಿಮ್ಮ ಪ್ರಶ್ನೆಯೇ ಬದಲಾಗಬೇಕಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ ಎಂದು ಬರೆದಿದ್ದೀರಿ, ಸರಿ. ಆದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಆತ್ಮಹತ್ಯೆಗಳು. ಕೊಲೆಗಳಲ್ಲಿ ಬಹುಪಾಲು ಪಿಸ್ತೂಲಿನಿಂದ ಆದವು. ರೈಫಲ್ ನಿಷೇಧ ಇವೆರಡನ್ನೂ ಹೆಚ್ಚು ಮುಟ್ಟುವುದಿಲ್ಲ. ಅದು ಮುಟ್ಟಬಹುದಾದದ್ದು ಶಾಲೆ, ಮಾಲ್, ಸಂಗೀತ ಕಛೇರಿಗಳಲ್ಲಿ ಕೆಲವೇ ನಿಮಿಷದಲ್ಲಿ ಹತ್ತಾರು ಜನರನ್ನು ಕೊಲ್ಲುವಂಥ ದಾಳಿಗಳನ್ನು, ಅದೂ ಇರುವ ಬಂದೂಕು, ಮ್ಯಾಗಜಿನ್‌ಗಳನ್ನು ವಾಪಸು ಪಡೆದರೆ. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನಿಮ್ಮ ವಾದ ಚಿಕ್ಕದಾಗುತ್ತಿತ್ತು, ನಿಲ್ಲುತ್ತಿತ್ತು.

ಡನ್‌ಬ್ಲೇನ್ ಊರಿನ (ಸ್ಕಾಟ್ಲೆಂಡ್) ಶಾಲೆಯ ಹತ್ಯಾಕಾಂಡದ ನಂತರ 1997ರಲ್ಲಿ ಬ್ರಿಟನ್ ಪಿಸ್ತೂಲುಗಳನ್ನು ನಿಷೇಧಿಸಿದ್ದನ್ನು ಬಿಟ್ಟಿದ್ದೀರಿ. ಸೇರಿಸಿ. ಅಲ್ಲಿ ನಿಷೇಧದ ನಂತರ ಕೆಲವು ವರ್ಷ ಪಿಸ್ತೂಲಿನ ಅಪರಾಧ ಏರಿ, ಆಮೇಲೆ ಇಳಿಯಿತು. ಎರಡೂ ಪಕ್ಷದವರು ತಮಗೆ ಬೇಕಾದ ವರ್ಷಗಳನ್ನಷ್ಟೇ ಉದಾಹರಿಸುತ್ತಾರೆ.

ಕೊನೆಗೆ ಕೊಡಗು. ‘ಅಲ್ಲಿ ಮನೆಮನೆಯಲ್ಲೂ ಕೋವಿಯಿದೆ, ಸಂಸ್ಕೃತಿಯೂ ಇದೆ, ಅಮೆರಿಕಕ್ಕೆ ಸಂಸ್ಕೃತಿಯಿಲ್ಲ’ ಎಂದು ಎರಡು ಸಾಲಲ್ಲಿ ಮುಗಿಸಿದ್ದೀರಿ. ಕೈಲ್ ಪೊಳ್ದ್ ಹಬ್ಬದ ದಿನದ ಕೋವಿ ಪೂಜೆ, ಹುಟ್ಟು ಸಾವುಗಳಿಗೆ ಹಾರಿಸುವ ಗುಂಡು, ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ ಬೇರೆಯೇ ಲೇಖನ ಬೇಡುವ ವಿಷಯಗಳು. ತೆಗೆಯಿರಿ. ಕರ್ನಾಟಕ ಬೇಕೇ ಬೇಕೆಂದಿದ್ದರೆ 2015ರ ಧಾರವಾಡ, 2017ರ ಬೆಂಗಳೂರು ಇವೆ. ಎಂ.ಎಂ. ಕಲಬುರ್ಗಿ, ಗೌರಿ ಲಂಕೇಶ್ ಇಬ್ಬರನ್ನೂ ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಅಮೆರಿಕದ್ದಕ್ಕಿಂತ ಎಷ್ಟೋ ಬಿಗಿ. ಆ ಪಿಸ್ತೂಲು ಕಾಯ್ದೆಯ ಕಣ್ಣಿಗೇ ಬೀಳದೆ ತಯಾರಾದದ್ದು. ನಿಷೇಧವೊಂದೇ ದಾರಿ ಎನ್ನುವವರು ಇದಕ್ಕೆ ಏನು ಹೇಳುತ್ತೀರಿ? ಉತ್ತರ ಲೇಖನದೊಳಗೆ ಬರಲಿ, ನನಗೆ ಪ್ರತ್ಯೇಕ ಪತ್ರ ಬೇಡ.

1,200 ಪದ ಮೀರಬೇಡಿ. ಶೀರ್ಷಿಕೆಯನ್ನು ನಾವೇ ಬದಲಿಸುತ್ತೇವೆ. ಈ ಸಲ ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ಫಾಂಟಿನಿಂದ ಬಂದ ಒತ್ತಕ್ಷರಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು.

ಇಂತಿ,
ಸಂಪಾದಕ